ಆರನೇ ಬೋಲ್ಟು

ಆತ ಸತ್ತ ಸುದ್ದಿ ಬಂದಾಗ ನನ್ನ ಬಲಗೈ ಮೊಣಕೈವರೆಗೆ ಒಂದು ಎಮ್ಮೆಯ ಹೊಟ್ಟೆಯೊಳಗಿತ್ತು. ನಂದವರಂ ಕಡೆಯ ಹಳ್ಳಿ, ಕರು ಅಡ್ಡ ತಿರುಗಿತ್ತು. ಎಮ್ಮೆಯ ಒಡೆಯ ನನ್ನ ಫೋನನ್ನು ನನ್ನ ಕಿವಿಗೆ ಹಿಡಿದುಕೊಂಡು ನಿಂತಿದ್ದ. ಆ ಕಡೆಯಿಂದ ನನ್ನ ಕಾರಿನ ಮೆಕ್ಯಾನಿಕ್ ಮಸ್ತಾನ, "ಮೇಡಂ, ಬೋಲ್ಟ್ ತಾತ ಹೋಗಿಬಿಟ್ಟಾನ್ರಿ. ಮಧ್ಯಾಹ್ನ ಉಂಡು ಮಲಗಿದವ ಏಳಲೇ ಇಲ್ಲ" ಎಂದ. "ಆಯ್ತು" ಎಂದೆ. ಕರುವಿನ ಕಾಲು ಸಿಕ್ಕಿತು, ತಿರುಗಿಸಿ ಎಳೆದೆ, ಬದುಕಿತು. ತೊಳೆದ ಕೈಯನ್ನೇ ಮತ್ತೆ ಮತ್ತೆ ತೊಳೆಯುತ್ತಿದ್ದೆ. ಎಮ್ಮೆಯ ಒಡೆಯ ಅದನ್ನು ಆಯಾಸವೆಂದುಕೊಂಡು ಚಹ ತರಿಸಿದ. ಹಾಗೇ ಅಂದುಕೊಳ್ಳಲಿ ಎಂದು ಕುಡಿದೆ.

ಆತನ ಹೆಸರು ನನಗೆ ಗೊತ್ತು, ಆದರೆ ಬರೆಯುವುದಿಲ್ಲ. ಆಂಧ್ರದ ಗಡಿಯ ನಮ್ಮ ಆದೋನಿಯಲ್ಲಿ ಯಾರೂ ಆತನನ್ನು ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿಲ್ಲ. ತೆಲುಗಿನವರಿಗೂ ಕನ್ನಡದವರಿಗೂ ಉರ್ದು ಆಡುವ ಮೆಕ್ಯಾನಿಕ್ಕುಗಳಿಗೂ ಆತ ಬೋಲ್ಟ್ ತಾತ. ಹಣೆಗೆ ಮೂರು ಗೆರೆ ವಿಭೂತಿ ಹಚ್ಚುತ್ತಿದ್ದ. ಬೆಳಿಗ್ಗೆ ಹತ್ತರೊಳಗೆ ಗ್ರೀಸಿನ ಕೈ ತಗುಲಿ ಆ ಗೆರೆಗಳು ಕಪ್ಪಗಾಗುತ್ತಿದ್ದವು. ಅದನ್ನು ಅಳಿಸಿ ಮತ್ತೆ ಹಚ್ಚುವ ಗೋಜಿಗೆ ಹೋಗುತ್ತಿರಲಿಲ್ಲ. ಶಿವನಿಗೆ ಎಲ್ಲಾ ಬಣ್ಣ ನಡೀತೈತಿ ಎನ್ನುತ್ತಿದ್ದ.

ಹತ್ತಿಯ ಜಿನ್ನಿಂಗ್ ಮಿಲ್ಲುಗಳ ಹಿಂದಿನ ಗಲ್ಲಿಯಲ್ಲಿ ಆತನ ಅಂಗಡಿ. ಬೋರ್ಡಿಲ್ಲ, ಬಿಲ್ಲಿಲ್ಲ. ಮೂರು ಗೋಡೆಗೂ ಎಣ್ಣೆ ಡಬ್ಬಿಗಳು, ಡಬ್ಬಿಗಳ ತುಂಬ ಹಳೆಯ ಗಾಡಿಗಳಿಂದ ಬಿಚ್ಚಿದ ಬೋಲ್ಟುಗಳು. ಮಿಲ್ಲುಗಳಿಂದ ಹಾರಿ ಬರುವ ಅರಳೆ ಎಲ್ಲದರ ಮೇಲೂ ಕೂತು, ಗ್ರೀಸಿಗೆ ಅಂಟಿಕೊಂಡು, ಇಡೀ ಅಂಗಡಿಗೆ ಕೂದಲು ನೆರೆತ ಹಾಗೆ ಕಾಣುತ್ತಿತ್ತು. ನಡುವೆ ಎರಡು ಇಟ್ಟಿಗೆಗಳ ಮೇಲೆ ಒಂದು ಕಡಪಾ ಕಲ್ಲು. ಕಲ್ಲಿನ ಈಚೆ ಆತ ಕೂರುವ ಗೋಣಿಚೀಲ, ಆಚೆ ಒಂದು ಮರದ ಸ್ಟೂಲು. ಆ ಸ್ಟೂಲಿನ ಮೇಲೆ ಮಾತ್ರ ಒಂದು ಎಳೆ ಅರಳೆಯೂ ಇರುತ್ತಿರಲಿಲ್ಲ. ಗಿರಾಕಿಗಳಿಗೆಂದು ಒರೆಸಿ ಇಡುತ್ತಾನೆ ಎಂದುಕೊಂಡಿದ್ದೆ.

ಆತನ ಕೆಲಸದ ರೀತಿಯೇ ಬೇರೆ. ಬೋಲ್ಟು ಕೊಡುವ ಮುಂಚೆ ಅದರ ತಲೆಯ ಕೆಳಗೆ ಅರದಿಂದ ಒಂದು ಗೀರು ಎಳೆಯುತ್ತಿದ್ದ, ಅದು ಆತನ ಗುರುತು. ಆಮೇಲೆ ಒಂದು ಗೇಣಿನ ಎತ್ತರದಿಂದ ಆ ಕಲ್ಲಿನ ಮೇಲೆ ಬಿಡುತ್ತಿದ್ದ. ಘಣ್ ಎಂದರೆ ಗಟ್ಟಿ. ಥಡ್ ಎಂದರೆ ಒಳಗೆಲ್ಲೋ ಕಣ್ಣಿಗೆ ಕಾಣದ ಸೀಳು. ಅಂಥದನ್ನು "ದಣದೈತಿ" ಎಂದು ಮೂಲೆಯ ಬುಟ್ಟಿಗೆ ಎಸೆಯುತ್ತಿದ್ದ. ಕೆಟ್ಟಿದೆ ಎಂದು ಎಂದೂ ಹೇಳಲಿಲ್ಲ. ಇನ್ನು, ಹಳೆಯ ಬೋಲ್ಟು ತಂದು ಕೊಡದೆ ಬೇರೆ ಬೋಲ್ಟು ಕೊಡುತ್ತಿರಲಿಲ್ಲ. ಮುರಿದಿರಲಿ, ತುಕ್ಕು ಹಿಡಿದಿರಲಿ, ಹಳೆಯದು ಆತನ ಕೈಗೆ ಬರಬೇಕು. ಬಂದದ್ದರ ತಲೆಯನ್ನು ಹೆಬ್ಬೆರಳಿನಿಂದ ತಿಕ್ಕಿ, ಬೆಳಕಿಗೆ ಹಿಡಿದು ನೋಡಿ, ಒಂದು ಚೀಲಕ್ಕೆ ಹಾಕುತ್ತಿದ್ದ. ಗುಜರಿಗೆ ಮಾರುತ್ತಾನೆ ಎಂದು ಮೆಕ್ಯಾನಿಕ್ಕುಗಳು ನಗುತ್ತಿದ್ದರು. ಮತ್ತೊಂದು ವಿಚಿತ್ರ, ಬಿಸಿಲಿಗೆ ಹೆದರಿ ಗಲ್ಲಿಯ ಅಂಗಡಿಗಳೆಲ್ಲ ಬಾಗಿಲು ಎಳೆದುಕೊಳ್ಳುವ ಮಧ್ಯಾಹ್ನದ ಹೊತ್ತಿಗೆ ಆತನದೊಂದೇ ಅಂಗಡಿ ತೆರೆದಿರುತ್ತಿತ್ತು.

ನಾನು ಪಶುವೈದ್ಯೆ. ಹೊಳಗುಂದ, ಹಾಲಹರವಿ ಕಡೆಯ ಕುರಿಯವರಿಗೆ ನನ್ನ ಕಾರು ಗೊತ್ತು, ಕಾರಿನ ಸದ್ದು ಇನ್ನೂ ಚೆನ್ನಾಗಿ ಗೊತ್ತು. ನನಗಿಂತ ಮುಂಚೆ ಅದು ಮೂರು ಕೈ ದಾಟಿ ಬಂದದ್ದು. ನನಗೂ ಸಿಟ್ಟು ಮೂಗಿನ ತುದಿಯಲ್ಲೇ ಇರುವುದರಿಂದ ನಮ್ಮಿಬ್ಬರಿಗೂ ಹೊಂದಿಕೆಯಾಗಿತ್ತು. ಮೂರು ವರ್ಷದ ಹಿಂದೆ ಅದು ಹೊಸದೊಂದು ಚಾಳಿ ಹಚ್ಚಿಕೊಂಡಿತು. ಹೊಳಗುಂದ ಇನ್ನು ನಾಲ್ಕೈದು ಕಿಲೋಮೀಟರು ಇರುವಾಗ ಒಂದು ಕಿರುಸೇತುವೆ ಬರುತ್ತದೆ. ಅದರ ಪಕ್ಕ ಒಂದು ಒಣ ಜಾಲಿಮರ, ಅದು ದಾಟಿದರೆ ತಿರುವು. ಆ ತಿರುವಿನಲ್ಲಿ ಗೇರ್ ಬಾಕ್ಸಿನ ಕೆಳಗಿಂದ ಟಕ್, ಟಕ್, ಟಕ್ ಎಂದು ಮೂರು ಸಲ ಬಡಿಯುತ್ತಿತ್ತು. ಬಾಗಿಲ ಹೊರಗೆ ನಿಂತವರು ಬೆರಳಿನ ಗೆಣ್ಣಿನಿಂದ ತಟ್ಟಿದ ಹಾಗೆ. ಬೆಳಿಗ್ಗೆ ಹೋದರೆ ಇಲ್ಲ, ಸಂಜೆ ಬಂದರೆ ಇಲ್ಲ, ಮಟಮಟ ಮಧ್ಯಾಹ್ನ ಮಾತ್ರ. ಬಿಸಿಲಿಗೆ ಕಬ್ಬಿಣ ಹಿಗ್ಗುತ್ತದೆ ಎಂದು ನನಗೆ ನಾನೇ ಪಾಠ ಹೇಳಿಕೊಂಡೆ. ಬೇರೆ ತಿರುವುಗಳಲ್ಲಿ ಯಾಕೆ ಹಿಗ್ಗುವುದಿಲ್ಲ ಎಂಬುದಕ್ಕೆ ಪಾಠ ಇರಲಿಲ್ಲ.

ಮಸ್ತಾನ ಕಾರಿನ ಕೆಳಗೆ ನುಗ್ಗಿ ನೋಡಿದ. ಎಂಜಿನ್ನಿಗೂ ಗೇರ್ ಬಾಕ್ಸಿಗೂ ಜೋಡಿ ಹಾಕುವ ಬೋಲ್ಟುಗಳು ಆರು. ಎರಡರ ತಲೆ ಹಾರಿತ್ತು, ಮೂರರ ತಿರುಪಿನ ಸುತ್ತುಗಳು ಸವೆದಿದ್ದವು. ಆರನೆಯದು, ಕೆಳಗಿನ ಮೂಲೆಯದು, ಏನು ಮಾಡಿದರೂ ಅಲುಗಲಿಲ್ಲ.

"ಈ ಗೇರ್ ಡಬ್ಬಾ ಈ ಗಾಡೀದಲ್ಲ ಮೇಡಂ. ಯಾವುದೋ ಗಾಡೀದು ಬಿಚ್ಚಿ ಇದಕ್ಕ ಕೂಡ್ಸ್ಯಾರ" ಎಂದ. "ಆ ಮೂಲೀದು ಜಾಸ್ತಿ ತಿರುವಿದ್ರ ಡಬ್ಬಾನೇ ಒಡೀತೈತಿ. ಇರಲಿ ಬಿಡ್ರಿ."

ಉಳಿದ ಐದಕ್ಕಾಗಿ ನಾನು ತಿರುಗಿದ್ದು ಅಷ್ಟಿಷ್ಟಲ್ಲ. ಆ ಮಾದರಿಯ ಕಾರು ಬರುವುದೇ ನಿಂತುಹೋಗಿತ್ತು. ಬಳ್ಳಾರಿಯಲ್ಲಿ ಒಬ್ಬ ಹೊಳೆಯುವ ಹೊಸ ಬೋಲ್ಟು ಕೊಟ್ಟ. ದಪ್ಪ ಸರಿ, ಉದ್ದ ಸರಿ. ಮಸ್ತಾನ ಹಾಕಿ ತಿರುಗಿಸಿದಾಗ ಎರಡು ಸುತ್ತು ಸಲೀಸಾಗಿ ಹೋಗಿ ಮೂರನೆಯದಕ್ಕೆ ಬಿಗಿಯಿತು. ತಿರುಪಿನ ಸುತ್ತುಗಳ ಅಂತರ ಕೂದಲೆಳೆಯಷ್ಟು ಬೇರೆ. ಇನ್ನೊಂದು ಸುತ್ತು ತಿರುಗಿಸಿದ್ದರೆ ತೂತೇ ಹಾಳಾಗುತ್ತಿತ್ತು. "ಇನ್ನ ತಾತನ ಹತ್ರ ಹೋಗಬೇಕು, ಅಷ್ಟೇ" ಎಂದು ಮಸ್ತಾನ ಕೈ ಒರೆಸಿಕೊಂಡ.

ನಾನು ಮೊದಲ ಸಲ ಆ ಅಂಗಡಿಯ ಮುಂದೆ ನಿಂತಾಗ ಆತ ತಲೆ ಎತ್ತಲಿಲ್ಲ. "ಹಳೇದು ತಂದೀರೇನು?" ಎಂದ. ಆತನ ನಮಸ್ಕಾರ ಅದೇ ಎಂದು ಆಮೇಲೆ ಗೊತ್ತಾಯಿತು. ಐದು ಬೋಲ್ಟುಗಳನ್ನು ಕಲ್ಲಿನ ಮೇಲೆ ಸುರಿದೆ. ಯಾವ ಗಾಡಿ ಎಂದು ಕೇಳದೆಯೇ ಆತ ಅವನ್ನು ಗೇರ್ ಬಾಕ್ಸಿನ ಬಾಯಿಯ ಹಾಗೆ ದುಂಡಗೆ ಜೋಡಿಸಿದ. ಕೆಳಗಿನ ಮೂಲೆಯಲ್ಲಿ ಒಂದು ಜಾಗ ಖಾಲಿ ಬಿಟ್ಟ.

"ಇವೆರಡು ಮ್ಯಾಲಿನವು. ಇವು ಪಕ್ಕದವು. ಈ ಮೂಲೀದು ಎಲ್ಲೈತಿ?"

"ಅದು ಬರಲಿಲ್ಲ. ಗಟ್ಟಿ ಕೂತೈತಿ."

"ಐದು ಬ್ಯಾರೇವು, ಒಂದು ಹಳೇದು ಹಾಕಿದ್ರ ಯಾವುದರ ಮ್ಯಾಲೆ ಭಾರ ಬೀಳತೈತೋ ಹೇಳಾಕ ಬರಂಗಿಲ್ಲ. ಆರೂ ತರ್ರಿ, ಆರೂ ಕೊಡ್ತೀನಿ."

ಹಾಲಹರವಿಯಲ್ಲಿ ಕುರಿಗಳಿಗೆ ನೀಲಿ ನಾಲಿಗೆಯ ಬೇನೆ ಹತ್ತಿತ್ತು, ದಿನಕ್ಕೊಂದು ಹಟ್ಟಿಯಿಂದ ಫೋನು. ನನಗೆ ತಲೆ ಕೆಟ್ಟಿತು. ಮಸ್ತಾನನ ಶೆಡ್ಡಿಗೆ ಹೋಗಿ ಅವನ ಗುಜರಿ ಡಬ್ಬಿಯಲ್ಲಿ ಕೈಯಾಡಿಸಿ, ಅದೇ ದಪ್ಪದ ಒಂದು ಹಳೆಯ ಬೋಲ್ಟು ಆರಿಸಿಕೊಂಡು ಬಂದೆ. "ಬಂತು ನೋಡ್ರಿ ಆರನೇದು" ಎಂದು ಕೈಗಿಟ್ಟೆ. ಆತ ಅದನ್ನು ಕಲ್ಲಿನ ಮೇಲೆ ಬಿಟ್ಟ. ಸದ್ದು ಅಡಗುವವರೆಗೆ ಕಿವಿಗೊಟ್ಟು ಕೂತ.

"ಇದು ಆ ಮನೀದಲ್ಲ ಡಾಕ್ಟರಮ್ಮ. ಟ್ರ್ಯಾಕ್ಟರಿಂದು."

ಬೈದಿದ್ದರೆ ತಿರುಗಿ ಬೈಯಬಹುದಿತ್ತು, ಆ ಕಲೆ ನನಗೆ ಚೆನ್ನಾಗಿ ಗೊತ್ತು. ಆತ ಬೈಯಲಿಲ್ಲ. "ಕುರಿ ಏನ್ ಪಾಪ ಮಾಡ್ಯಾವ" ಎಂದು ಎದ್ದು ಡಬ್ಬಿ ತೆಗೆಯತೊಡಗಿದ. ಐದನ್ನೂ ಹುಡುಕಿ, ಗೀರು ಎಳೆದು, ಕಲ್ಲಿನ ಮೇಲೆ ಬಿಟ್ಟು ಕೇಳಿ ಕೊಟ್ಟ. "ಮೊದಲ ಮೂರು ಸುತ್ತು ಬೆರಳಿಲೇ ಹೋಗಬೇಕು. ತಿರುವಾಕ ಪಾನಾ ಬೇಕು ಅಂತಂದ್ರ ಅದು ಅದರ ಮನೀ ಅಲ್ಲ ಅಂತ ತಿಳೀರಿ." ಈಗಲೂ ಯಾವ ಬೋಲ್ಟು ಹಾಕುವಾಗಲೂ ಆ ಮಾತು ನೆನಪಾಗುತ್ತದೆ. ಅವತ್ತು ಮಾತ್ರ ನಾಚಿಕೆಯಿಂದ ನನ್ನ ಕಿವಿಗಳು ಸುಡುತ್ತಿದ್ದವು.

ಕಾಗದದಲ್ಲಿ ಸುತ್ತಿ ಕೊಡುತ್ತ, "ಎಲ್ಲಿ ಬಡೀತಿತ್ತು?" ಎಂದ.

ತಿರುವಿನ ವಿಷಯ ಹೇಳಿದೆ. ಕಿರುಸೇತುವೆ, ಒಣ ಜಾಲಿ. ಆತನ ಕೈ ನಿಂತಿತು.

"ಎಷ್ಟೊತ್ತಿಗೆ?"

"ಮಧ್ಯಾಹ್ನದಾಗ."

"ಎಷ್ಟು ಸಲ?"

"ಮೂರು."

ಆತ ನನ್ನನ್ನು ನೋಡಲಿಲ್ಲ, ಸ್ಟೂಲಿನ ಕಡೆ ನೋಡಿದ. ನಿಂತು ನಿಂತು ಕಾಲು ನೋಯುತ್ತಿದ್ದ ನಾನು ಅದರ ಮೇಲೆ ಕೂರಲು ಹೋದೆ. "ಅದರ ಮ್ಯಾಲೆ ಬ್ಯಾಡ್ರಿ" ಎಂದು ಮೆಲ್ಲಗೆ ಹೇಳಿ, ತನ್ನ ಗೋಣಿಚೀಲ ಸರಿಸಿ ಜಾಗ ಕೊಟ್ಟ. ಆಮೇಲೆ ತಾನೇ ಹೇಳಿದ.

ಅದಕ್ಕೂ ಹನ್ನೆರಡು ವರ್ಷ ಹಿಂದಿನ ಮಾತು. ಹೊಳಗುಂದ ಕಡೆಯ ಒಬ್ಬ ಮೇಷ್ಟ್ರು, ಇನ್ನೂ ಹುಡುಗ, ಕಣ್ಣಿನ ಆಪರೇಷನ್ ಆದ ತಾಯಿಯನ್ನು ಊರಿಗೆ ಕರೆದುಕೊಂಡು ಹೊರಟಿದ್ದ. ಗೇರ್ ಬಾಕ್ಸಿನ ಒಂದು ಬೋಲ್ಟು ಬಿದ್ದುಹೋಗಿತ್ತು. ತಾಯಿ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಆ ಸ್ಟೂಲಿನ ಮೇಲೆ ಕೂತಿದ್ದಳು. ಗಾಡಿಯ ಬೋಲ್ಟುಗಳಲ್ಲಿ ಯಾವುದೂ ಹೊಂದಲಿಲ್ಲ. ಮಿಲ್ಲಿನ ಹಳೆಯ ಹತ್ತಿ ಪ್ರೆಸ್ಸಿನಿಂದ ಬಂದ ಒಂದು, ತಲೆಗೆ ಹಸಿರು ಬಣ್ಣ ಬಳಿದದ್ದು, ಸರಿಯಾಗಿ ಹೊಂದಿತು. ಗೀರು ಎಳೆದ. ಕಲ್ಲಿನ ಮೇಲೆ ಬಿಟ್ಟ. ಅದು ಕಲ್ಲಿಗೆ ತಾಗುವುದಕ್ಕೂ ಮಿಲ್ಲಿನ ಹನ್ನೆರಡರ ಸೈರನ್ನು ಕೂಗುವುದಕ್ಕೂ ಸರಿಹೋಯಿತು. ಬೋಲ್ಟಿನ ಸದ್ದು ಸೈರನ್ನಿನಲ್ಲಿ ಮುಳುಗಿತು.

"ಇನ್ನೊಮ್ಮೆ ಬಿಟ್ಟು ಕೇಳಬೇಕಿತ್ತು. ಸೈರನ್ ನಿಲ್ಲೋತನ ಕಾಯಬೇಕಿತ್ತು. ಹುಡುಗ 'ಲೇಟಾಗ್ತೈತಿ ತಾತ' ಅಂದ. ನಾನೂ ಗಟ್ಟೀನ ಇರತೈತಿ ಬಿಡು ಅಂತ ಕೊಟ್ಟುಬಿಟ್ಟೆ."

ಆ ತಿರುವಿನಲ್ಲಿ ಗೇರ್ ಬಾಕ್ಸು ಜಾಗ ಬಿಟ್ಟು ಜಾರಿ, ಚಕ್ರ ಹಿಡಿದು, ಕಾರು ಕಿರುಸೇತುವೆಯಿಂದ ಕೆಳಗೆ ಹೋಯಿತು. ಮಗ ಸತ್ತ. ತಾಯಿ ಉಳಿದಳು. ತಿಂಗಳ ಮೇಲೆ ಒಂದು ಮಧ್ಯಾಹ್ನ ಆಕೆ ಒಬ್ಬಳೇ ಬಸ್ಸಿನಲ್ಲಿ ಬಂದು ಅದೇ ಸ್ಟೂಲಿನ ಮೇಲೆ ಕೂತು, "ನೀ ಕೊಟ್ಟ ಬೋಲ್ಟು ಗಟ್ಟಿ ಇತ್ತೇನಪ್ಪ?" ಎಂದು ಕೇಳಿದಳು. ಸಿಟ್ಟಿಲ್ಲ, ಅಳುವಿಲ್ಲ. ಆತ ಸುಳ್ಳು ಹೇಳಲಾರದೆ, "ಕೇಳಿಸಲಿಲ್ಲ ಅವ್ವಾ" ಎಂದ. "ಹುಡುಕಿ ಹೇಳು" ಎಂದು ಎದ್ದುಹೋದಳು. ಅಷ್ಟರಲ್ಲಿ ಆ ಕಾರು ಗುಜರಿಗೆ ಹೋಗಿ, ತುಂಡು ತುಂಡಾಗಿ ಯಾವ್ಯಾವ ಊರಿಗೋ ಹಂಚಿಹೋಗಿತ್ತು. ಆತ ಹಳೆಯ ಬೋಲ್ಟು ಕೇಳಲು ಶುರು ಮಾಡಿದ್ದು ಅವತ್ತಿನಿಂದ. ಎಲ್ಲಿ ಹೋದರೂ ಒಂದಲ್ಲ ಒಂದು ದಿನ ಬದಲಿ ಬೋಲ್ಟಿಗಾಗಿ ಅದು ತನ್ನ ಕಲ್ಲಿಗೇ ಬರಬೇಕು ಎಂಬ ಲೆಕ್ಕಾಚಾರ.

"ಆಕಿ ಆಮ್ಯಾಲೂ ಬರ್ತಿದ್ಲು. ಸೈರನ್ ಹೊತ್ತಿಗೆ ಬಂದು ಕುಂತು, ಕೇಳಿ, ಹೋಗ್ತಿದ್ಲು. ಐದಾರು ವರ್ಷದ ಹಿಂದ ತೀರಿಕೊಂಡ್ಲು."

"ಪಾಪ" ಎಂದೆ.

"ತೀರಿಕೊಂಡ ಮ್ಯಾಲೂ ಬರೋದು ಬಿಟ್ಟಿಲ್ರಿ" ಎಂದ ಆತ. ಹಾಲಿನವಳ ಬಗ್ಗೆ ಹೇಳುವಷ್ಟು ಸಹಜವಾಗಿ.

ಹೊರಗೆ ಬಿಸಿಲು ಬೆಳ್ಳಗೆ ಉರಿಯುತ್ತಿತ್ತು. ಗಾಳಿಯಿಲ್ಲ, ಅರಳೆ ನಿಧಾನವಾಗಿ ಇಳಿಯುತ್ತಿತ್ತು. ನನ್ನ ಭುಜದ ಮೇಲೆ ಕೂತಿತು, ಆತನ ತಲೆಯ ಮೇಲೆ ಕೂತಿತು, ಕಲ್ಲಿನ ಮೇಲೆ ಕೂತಿತು. ಸ್ಟೂಲಿನ ಮೇಲೆ ಕೂರಲಿಲ್ಲ. ಅದರ ಹತ್ತಿರ ಬಂದ ಎಳೆಗಳು ಏನನ್ನೋ ಬಳಸಿಕೊಂಡು ಆಚೆ ಈಚೆ ಇಳಿಯುತ್ತಿದ್ದವು. ನನಗೆ ಹೆದರಿಕೆಯಾಯಿತು. ಹೆದರಿಕೆಯಾದದ್ದಕ್ಕೆ ನನ್ನ ಮೇಲೇ ಸಿಟ್ಟೂ ಬಂತು. ಬೋಲ್ಟು ತೆಗೆದುಕೊಂಡು ಹೊರಟುಬಂದೆ.

ನನ್ನ ಕಾರಿನಲ್ಲಿರುವ ಗೇರ್ ಬಾಕ್ಸು ಯಾವುದೆಂದು ಆತನಿಗೂ ಹೊಳೆದಿತ್ತು, ನನಗೂ ಹೊಳೆದಿತ್ತು. ಮರುದಿನವೇ ಕೆಳಗೆ ನುಗ್ಗಿ ನೋಡುತ್ತಾನೆ ಎಂದುಕೊಂಡೆ. ನೋಡಲಿಲ್ಲ. "ನಾಳೆ ಬರ್ತೀನ್ರಿ" ಎನ್ನುತ್ತಿದ್ದ. ಆ ನಾಳೆ ಬರಲು ಎರಡು ವರ್ಷ ಹಿಡಿಯಿತು. ಕಾರಿಗೆ ಏನೇ ಬೇಕಾದರೂ ನಾನು ಅಲ್ಲಿಗೇ ಹೋಗುತ್ತಿದ್ದೆ, "ಕಾರು ಹೊರಗೇ ಐತಿ, ಬಗ್ಗಿ ನೋಡ್ರಲ್ಲ" ಎಂದು ಕೆಣಕುತ್ತಿದ್ದೆ. ಆತ ಡಬ್ಬಿಯಲ್ಲಿ ಕೈಯಾಡಿಸುತ್ತ ಕೇಳಿಸದವನ ಹಾಗೆ ಇರುತ್ತಿದ್ದ. ಹುಡುಕುವುದು ಆತನಿಗೆ ರೂಢಿಯಾಗಿತ್ತು, ಸಿಗುವುದಕ್ಕೆ ಆತ ಹೆದರುತ್ತಿದ್ದ. ಅದು ನನಗೆ ಅರ್ಥವಾದ ಮೇಲೆ ಕೆಣಕುವುದನ್ನು ಬಿಟ್ಟೆ. ಐದು ಬೋಲ್ಟು ಹಾಕಿದ ಮೇಲೆ ಕಾರೇನೋ ಚೆನ್ನಾಗಿ ಓಡುತ್ತಿತ್ತು. ಆ ತಿರುವಿನ ಟಕ್ ಟಕ್ ಟಕ್ ಮಾತ್ರ ಹೋಗಲಿಲ್ಲ. ಮಧ್ಯಾಹ್ನ ಆ ದಾರಿ ಹಿಡಿಯುವುದನ್ನೇ ನಾನು ತಪ್ಪಿಸತೊಡಗಿದೆ, ಯಾರಾದರೂ ಕೇಳಿದರೆ ಬಿಸಿಲಿನ ನೆಪ ಹೇಳುತ್ತಿದ್ದೆ.

ಆತ ನಿಜಕ್ಕೂ ಕೇಳಿಸದವನಾಗಿದ್ದಾನೆ ಎಂದು ನನಗೆ ತಡವಾಗಿ ಗೊತ್ತಾಯಿತು. ಬೋಲ್ಟನ್ನು ಕಲ್ಲಿನ ಮೇಲೆ ಬಿಡುವಾಗ ಮುಂಚೆ ಕಣ್ಣು ಮುಚ್ಚುತ್ತಿದ್ದವನು ಈಗ ಗಿರಾಕಿಯ ಮುಖವನ್ನೇ ನೋಡುತ್ತಿದ್ದ. ಮುಖ ಅರಳಿದರೆ ಕೊಡುತ್ತಿದ್ದ, ಪೆಚ್ಚಾದರೆ ಬುಟ್ಟಿಗೆ ಎಸೆಯುತ್ತಿದ್ದ. ಒಂದು ದಿನ ಗಿರಾಕಿ ಹೋದ ಮೇಲೆ, "ನಿಮಗ ಕಿವಿ ಕೇಳಂಗಿಲ್ಲ" ಎಂದು ನೇರವಾಗಿ ಅಂದೆ. ನನ್ನ ತುಟಿ ನೋಡಿ ತಿಳಿದುಕೊಂಡ.

"ಮಂದಿ ಮುಖ ಹೇಳತೈತಲ್ರಿ" ಎಂದು ನಕ್ಕ. "ನಿಮ್ದೊಂದು ಮುಖ ಮಾತ್ರ ಏನೂ ಹೇಳಂಗಿಲ್ಲ ನೋಡ್ರಿ."

ಅದು ನಿಜ. ಕುರಿ ಬದುಕುವುದಿಲ್ಲ ಎಂದು ಮುಟ್ಟಿದ ಕೂಡಲೇ ಗೊತ್ತಾದರೂ ಕುರಿಯವನ ಮುಂದೆ ಮುಖ ಗಟ್ಟಿ ಇಟ್ಟುಕೊಂಡು ಸೂಜಿ ಚುಚ್ಚುವುದು ನನ್ನ ಕಸುಬು. ಅದು ಹೊಗಳಿಕೆ ಎಂದುಕೊಂಡು ನಾನೂ ನಕ್ಕೆ.

ಕಳೆದ ಬೇಸಿಗೆಯಲ್ಲಿ ಒಂದು ದಿನ ಹನ್ನೊಂದರ ಹೊತ್ತಿಗೆ ಆತ ನನ್ನ ಮನೆಯ ಮುಂದೆ ನಿಂತಿದ್ದ. ಕೈಯಲ್ಲಿ ಒಂದು ಪಾನಾ, ಬಟ್ಟೆಯಲ್ಲಿ ಸುತ್ತಿದ ಒಂದು ಬೋಲ್ಟು. ಆ ಮೂಲೆಗೆ ಸರಿಯಾದ ಬದಲಿ ಅದು. ಎಷ್ಟೋ ವರ್ಷದ ಹಿಂದೆಯೇ ಹುಡುಕಿ ಎತ್ತಿಟ್ಟಿದ್ದನಂತೆ.

"ನಡೀರಿ" ಎಂದ. "ಆಕಿ ನಿನ್ನೆ ಕೇಳಲೇ ಇಲ್ಲ. ಸುಮ್ನ ಕುಂತು ಹೋದ್ಲು. ಬ್ಯಾಸರಾದಂಗ ಕಾಣತೈತಿ."

ದಾರಿಯುದ್ದಕ್ಕೂ ಹತ್ತಿ ಕಿತ್ತ ಕಪ್ಪು ಹೊಲಗಳಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಕಿರುಸೇತುವೆ ಹತ್ತಿರ ಬಂದಾಗ ಆತ ತನ್ನ ಅಂಗೈಯನ್ನು ಗೇರ್ ರಾಡಿನ ಮೇಲೆ, ನನ್ನ ಕೈಯ ಪಕ್ಕಕ್ಕೆ ಇಟ್ಟ. ಜಾಲಿಮರ ದಾಟಿತು. ಟಕ್. ಟಕ್. ಟಕ್. ನನಗೆ ಕೇಳಿಸಿತು, ಆತನಿಗೆ ಕೈಗೆ ತಿಳಿಯಿತು. ಮೂರು ಬೆರಳು ಎತ್ತಿ ತೋರಿಸಿದ.

ಕಾರು ನಿಲ್ಲಿಸಿ ಚಕ್ರಗಳಿಗೆ ಕಲ್ಲು ಕೊಟ್ಟೆ. ಎಪ್ಪತ್ತು ದಾಟಿದ ಮುದುಕ ಆ ಕಾದ ರಸ್ತೆಯ ಮೇಲೆ ಅಂಗಾತ ಮಲಗಿ ಕಾರಿನ ಕೆಳಗೆ ಸರಿದ. ಹೊರಗೆ ಎರಡು ಪಾದಗಳಷ್ಟೇ ಕಾಣುತ್ತಿದ್ದವು. ಪಾನಾ ನನ್ನ ಕಾಲ ಬಳಿಯೇ ಬಿದ್ದಿತ್ತು. ಅದನ್ನು ಕೊಡಲು ಬಗ್ಗುವಷ್ಟರಲ್ಲಿ ಆತ ಹೊರಗೆ ಬಂದ. ಮಸ್ತಾನನ ಪಾನಾ, ಸುತ್ತಿಗೆ, ಎಣ್ಣೆ ಯಾವುದಕ್ಕೂ ಬಗ್ಗದ ಆರನೇ ಬೋಲ್ಟು ಆತನ ಅಂಗೈಯಲ್ಲಿತ್ತು.

"ಬೆರಳಿಗೇ ಬಂತು" ಎಂದ.

ಎಂಜಿನ್ನಿನ ಕಾವಿಗೆ ಸಡಿಲಾಗಿರಬೇಕು. ಹಾಗೆಂದು ನನಗೆ ನಾನೇ ಹೇಳಿಕೊಂಡೆ. ಆತ ಅದರ ತಲೆಯನ್ನು ಧೋತರದ ಅಂಚಿನಿಂದ ತಿಕ್ಕಿದ. ಮಸಿಯ ಕೆಳಗಿನಿಂದ ಹಸಿರು ಬಣ್ಣ ಎದ್ದಿತು. ತಲೆಯ ಕೆಳಗೆ ಆತನ ಗೀರು. ಬೋಲ್ಟು ಇಡಿಯಾಗಿತ್ತು.

"ಮುರಿದಿಲ್ಲಲ್ಲ" ಎಂದು ನಾನು ಆತನ ಕಿವಿಗೆ ಬಾಯಿಟ್ಟು ಕೂಗಿದೆ. ನನಗೆ ಅಷ್ಟು ಸಂತೋಷವಾಗಿತ್ತು.

"ಮುರೀದಿದ್ರ ಏನಾತು. ಒಳಗ ಸೀಳಿದ್ರ ಅದು ಎಳದಂಗ ಹಿಗ್ಗತೈತಿ, ಭಾರ ಎಲ್ಲಾ ಉಳಿದವರ ಮ್ಯಾಲೆ ಹೋಗತೈತಿ. ಕಲ್ಲು ಹೇಳಬೇಕು" ಎಂದ. ಮತ್ತೆ ಕಾರಿನ ಕೆಳಗೆ ಹೋಗಿ ಬದಲಿ ಬೋಲ್ಟನ್ನು ಬೆರಳಿನಿಂದ ಮೂರು ಸುತ್ತು ತಿರುಗಿಸಿ, ಆಮೇಲೆ ಪಾನಾ ಹಿಡಿದ. ಗಡಿಬಿಡಿ ಮಾಡಲಿಲ್ಲ.

ಅಂಗಡಿಗೆ ಬಂದೆವು. ಆತ ಗೋಣಿಚೀಲದ ಮೇಲೆ ಕೂತ. ನಾನು ಕಲ್ಲಿನ ಪಕ್ಕದಲ್ಲಿ ನಿಂತೆ. ಸ್ಟೂಲಿನ ಕಡೆ ನೋಡದಿರಲು ಪ್ರಯತ್ನಿಸಿದೆ.

"ನನಗ ಕೇಳಂಗಿಲ್ಲ, ನಿಮ್ಮ ಮುಖ ಹೇಳಂಗಿಲ್ಲ. ಬಾಯಿಲೇ ಹೇಳ್ರಿ ಡಾಕ್ಟರಮ್ಮ" ಎಂದು ಒಂದು ಗೇಣು ಎತ್ತಿ ಬಿಟ್ಟ.

ಥಡ್.

ಒದ್ದೆ ಮಣ್ಣಿನ ಮೇಲೆ ಬಿದ್ದ ಹಾಗೆ. ಆತ ಮತ್ತೆ ಎತ್ತಿ ಬಿಟ್ಟ. ಥಡ್. ಮೂರನೇ ಸಲವೂ ಅದೇ. ಹದಿನಾಲ್ಕು ವರ್ಷ ಆತ ಯಾವ ಉತ್ತರಕ್ಕೆ ಹೆದರಿಕೊಂಡು ಬದುಕಿದ್ದನೋ ಅದು ನನ್ನ ಕಿವಿಯಲ್ಲಿತ್ತು, ಆತನ ಕಿವಿಗೆ ಅದು ಇನ್ನು ಎಂದೂ ತಲುಪುವಂತಿರಲಿಲ್ಲ. ನನ್ನ ಕಸುಬಿನ ಮುಖ ಹಾಕಿಕೊಂಡೆ.

"ಘಣ್ ಅಂತು" ಎಂದೆ.

ಆತ ನನ್ನ ಮುಖವನ್ನು ಬಹಳ ಹೊತ್ತು ನೋಡಿದ. "ಒಮ್ಮೆ ನನಗ ಸುಳ್ಳು ಹೇಳಿದ್ರಿ ನೀವು."

"ಹೌದು."

"ಈಗ?"

"ಘಣ್ ಅಂತು ತಾತ."

ಆತ ಸ್ಟೂಲಿನ ಕಡೆ ತಿರುಗಿದ. "ಕೇಳಿದ್ಯಾ ಅವ್ವಾ. ಗಟ್ಟಿ ಇತ್ತಂತ" ಎಂದ. ಅಂಗಡಿಯಲ್ಲಿ ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಮೇಲಿನಿಂದ ಅರಳೆಯ ಒಂದು ಎಳೆ ತೇಲಿಕೊಂಡು ಬಂದು ಸ್ಟೂಲಿನ ನಡುವೆ ಕೂತಿತು. ಅದರ ಹಿಂದೆ ಇನ್ನೊಂದು. ನಾನು ಸುಳ್ಳು ಹೇಳಿದ್ದು ಆತನೊಬ್ಬನಿಗೇ ಅಲ್ಲ ಎಂದು ಆಗ ನನಗೆ ತಿಳಿಯಿತು.

ಮರುದಿನದಿಂದ ಆತ ಮಧ್ಯಾಹ್ನ ಅಂಗಡಿ ಮುಚ್ಚಿ, ಮನೆಗೆ ಹೋಗಿ, ಉಂಡು ಮಲಗತೊಡಗಿದ. ಗಲ್ಲಿಯವರಿಗೆ ಆಶ್ಚರ್ಯವಾಯಿತು. ನನ್ನ ಕಾರು ಆ ತಿರುವಿನಲ್ಲಿ ಮತ್ತೆ ಸದ್ದು ಮಾಡಲಿಲ್ಲ. ನಾನು ಮಾತ್ರ ಆತನ ಎದುರು ಹೆಚ್ಚು ಹೊತ್ತು ನಿಲ್ಲಲಾರದವಳಾದೆ. ನಾಲ್ಕು ತಿಂಗಳಿಗೆ ಎಮ್ಮೆಯ ಬಳಿ ನಿಂತಿದ್ದಾಗ ಆ ಫೋನು ಬಂತು.

ಹೋದ ವಾರ ಆತನ ಸೊಸೆ ಬಂದು ಅಂಗಡಿಯ ಬೀಗದ ಕೈಯನ್ನೂ ಒಂದು ಬಟ್ಟೆಯ ಗಂಟನ್ನೂ ನನ್ನ ಮುಂದೆ ಇಟ್ಟಳು. ಗಂಟಿನಲ್ಲಿ ಹಸಿರು ತಲೆಯ ಬೋಲ್ಟು.

"ಮಾವ ನಿಮಗ ಕೊಡು ಅಂದಿದ್ದ. ಸೈರನ್ ನಿಂತ ಮ್ಯಾಲೆ ಇನ್ನೊಮ್ಮೆ ಬಿಟ್ಟು ನೋಡಬೇಕಂತ. ಏನೋ ನನಗ ತಿಳೀಲಿಲ್ಲ. ಅಂಗಡಿ ನಾಳೆ ಖಾಲಿ ಮಾಡ್ತೀವ್ರಿ, ಇವತ್ತೇ ಹೋಗಿಬರ್ರಿ" ಎಂದಳು.

ಅಂದರೆ ಆತ ನನ್ನ ಮಾತನ್ನು ನಂಬಿರಲಿಲ್ಲ. ನಂಬದೆಯೂ ಆಕೆಗೆ ಉತ್ತರ ಹೇಳಿ ಕಳಿಸಿದ್ದ. ಕುರಿಯವನ ಮುಂದೆ ನಾನು ಮಾಡುವ ಕೆಲಸವನ್ನೇ ಆತ ಆಕೆಯ ಮುಂದೆ ಮಾಡಿದ್ದ.

ಹನ್ನೆರಡಕ್ಕೆ ಸ್ವಲ್ಪ ಮುಂಚೆ ಬೀಗ ತೆಗೆದೆ. ತಿಂಗಳು ಮುಚ್ಚಿದ್ದ ಅಂಗಡಿಯಲ್ಲಿ ಅರಳೆ ಎಲ್ಲ ಕಡೆ ಬೆಳ್ಳಗೆ ಕೂತಿತ್ತು. ಡಬ್ಬಿಗಳ ಮೇಲೆ, ಕಲ್ಲಿನ ಮೇಲೆ. ಸ್ಟೂಲಿನ ಮೇಲೂ ಬೆರಳು ಮುಳುಗುವಷ್ಟು ಇತ್ತು. ಅದನ್ನು ಕಂಡು ಸಮಾಧಾನವಾಯಿತು. ಆಮೇಲೆ ಈಚೆ ತಿರುಗಿದೆ. ಆತ ಕೂರುತ್ತಿದ್ದ ಗೋಣಿಚೀಲದ ಮೇಲೆ ಒಂದು ಎಳೆಯೂ ಇರಲಿಲ್ಲ.

ಓಡಿಹೋಗಬೇಕೆನ್ನಿಸಿತು. ಓಡಲಿಲ್ಲ. ಕಲ್ಲನ್ನು ಸೆರಗಿನಿಂದ ಒರೆಸಿದೆ. ಮಿಲ್ಲಿನ ಸೈರನ್ನು ಕೂಗತೊಡಗಿತು. ಅದು ಪೂರ್ತಿ ಅಡಗುವವರೆಗೆ, ಅಡಗಿದ ಮೇಲೂ ಇನ್ನಷ್ಟು ಹೊತ್ತು ಕಾದೆ. ಒಂದು ಗೇಣು ಎತ್ತಿ ಬೋಲ್ಟನ್ನು ಬಿಟ್ಟೆ.

ಘಣ್.

ಮತ್ತೆ ಬಿಟ್ಟೆ. ಮೂರು ಸಲ ಬಿಟ್ಟೆ. ಮೂರು ಸಲವೂ ಸದ್ದು ಗೋಡೆಗೆ ತಾಗಿ, ಡಬ್ಬಿಗಳೊಳಗಿನ ಬೋಲ್ಟುಗಳೆಲ್ಲ ಸಣ್ಣಗೆ ದನಿಗೂಡಿಸಿದವು. ಅವತ್ತು ಆತನ ಎದುರು ನನ್ನ ಕಿವಿಗೆ ಬಿದ್ದದ್ದೇನು ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ನಾನು ಗೋಣಿಚೀಲದ ಕಡೆಗೆ ಬಗ್ಗಿದೆ. ಕಿವಿ ಕೇಳದವರಿಗೆ ಹೇಳುವ ಹಾಗೆ, ತುಟಿ ಕಾಣುವಂತೆ, ನಿಧಾನವಾಗಿ ಹೇಳಿದೆ.

"ಘಣ್ ಅಂತು ತಾತ. ಈ ಸಲ ಖರೇನ ಹೇಳಾಕತ್ತೀನಿ."